ಅವಳಿ

ಹುಬ್ಬಳ್ಳ್ಯಾಗ ಅಂದ್ರು: ಮೊದ್ಲು ತಲಿ ಸರಿ ಮಾಡ್ಕೊಂಡು ಬಾ,
ಆಮ್ಯಾಲ ಕುಡಿಯೂದು ಬಿಡಸ್ತೀವಿ.
ಧಾರವಾಡದಾಗ ಅಂದ್ರು: ಮೊದ್ಲು ಕುಡಿಯೂದು ಬಿಟ್ಟು ಬಾ,
ಆಮ್ಯಾಲ ತಲಿ ನೋಡೂಣು.
ನಡುವ ಇಪ್ಪತ್ತು ಕಿಲೋಮೀಟರ್.
ಎರಡು ವರ್ಷ ಚಿಗರಿ ಬಸ್ಸಿನಾಗ
ಕಿಟಕಿಗೆ ಹಣಿ ಹಚ್ಚಿ ಕುಂತೆ.
ಉಣಕಲ್ ಕೆರಿ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ.

ನಾ ಫಕ್ಕೀರಪ್ಪ ಭಜಂತ್ರಿ, ಬ್ಯಾಂಡಿನಾಗ ಕ್ಲಾರಿನೆಟ್.
ಕೆಂಪು ಕೋಟು, ಹಿತ್ತಾಳಿ ಗುಂಡಿ,
ಮದುಮಗನ ಕುದುರಿಗೆ ಮುಖಾ ಮಾಡಿ
ಹಿಂದ್ಹಿಂದಕ್ಕ ನಡಕೋತ ಊದಾಂವ.

ಆ ವರ್ಷ ವೈಶಾಖದಾಗ ಐದು ರಾತ್ರಿ ನಿದ್ದಿ ಇಲ್ಲ, ಬೇಕಂತೂ ಅನಸಲಿಲ್ಲ.
ಫಕ್ಕೀರ್ಯಾನ ಮೈಯಾಗ ದೇವ್ರು ಬಂದಾನ ಅಂದ್ರು ಮಂದಿ,
ನೂರರ ನೋಟು ಸುತ್ತಿ ಕ್ಲಾರಿನೆಟ್ಟಿನ ಬಾಯಾಗ ತುರಕಿದ್ರು.
ಒಂದ ಮುಹೂರ್ತಕ್ಕ ಹದಿನಾರು ಮದಿವಿ ಅಡ್ವಾನ್ಸ್ ಹಿಡದೆ.
ಬಡ್ಡಿ ರೊಕ್ಕದಾಗ ಎರಡು ಟ್ರಂಪೆಟ್ ತಂದೆ, ಊದವರಿಲ್ಲ.
ರೇಣವ್ವ ಒಬ್ಬಾಕಿ ನನ್ನ ಕಣ್ಣು ನೋಡಿ
ಕೂಸಿನ್ನ ಎತ್ತಿಕೊಂಡು ಬಾಜೂ ಮನಿಗೆ ಹೋದ್ಲು.

ದೇವ್ರನ್ನ ಇಳಸಾಕ ನಂಗ ಗೊತ್ತಿದ್ದದ್ದು ಒಂದ: ಕ್ವಾರ್ಟರ್.
ಇಳೀತು.
ನೆಲ ಬಂತು, ನಿಲ್ಲಲಿಲ್ಲ, ಇನ್ನೂ ಇಳೀತು.
ಮಳಿಗಾಲ ಪೂರ್ತಿ ಗ್ವಾಡಿ ಕಡೆ ಮುಖಾ ಮಾಡಿ ಮಲಗಿದೆ,
ಆವಾಗ ಏಳಾಕಂತ ಕುಡದೆ.
ಇಳಿಯಾಕೂ ಅದ, ಏರಾಕೂ ಅದ,
ಒಂದ ನಿಚ್ಚಣಿಕಿ, ಮೆಟ್ಟಲ ಮಾತ್ರ ಯಾವೂ ಇಲ್ಲ.

ಈ ಡಾಕ್ಟರಮ್ಮ ಹಾನಗಲ್ಲ ಕಡೆಯಾಕಿ, ಸಣ್ಣ ವಯಸ್ಸು.
ಎರಡೂ ಫೈಲು ಟೇಬಲ್ ಮ್ಯಾಲ ಇಟ್ಟೆ.
ಮಾತಾಡಲಿಲ್ಲ, ದಾರ ಬಿಚ್ಚಿದ್ರು,
ಎರಡರ ಹಾಳೀನೂ ಕೂಡಿಸಿ ಒಂದ ದಾರಕ್ಕ ಪೋಣಿಸಿದ್ರು.
"ಎರಡೂ ಊರಿಗೆ ಒಂದ ಪಾಲಿಕಿ ಐತಿಲ್ರಿ?
ಹಂಗ ಇದು. ಯಾವುದು ಮೊದ್ಲು ಅಂತ ಕುಂತ್ರ
ಗಟಾರ ಯಾರು ಬಳೀಬೇಕು?"
ನಗು ಬಂತು. ಎಷ್ಟು ದಿನಕ್ಕೋ.

ಗುಳಿಗಿ ಮುಂಜಾನಿ, ಗುಳಿಗಿ ರಾತ್ರಿ, ನಡನಡುವ ರಕ್ತ ಕೊಡೂದು.
ಗುರುವಾರ ಗುಂಪಿನಾಗ ಕುಂಡ್ರೂದು,
ನವಲೂರ ಪ್ಯಾರಲ ಮಾರಾಂವ, ನಿವೃತ್ತ ಪೋಸ್ಟಮನ್ನು, ನಾನು.
ಬೆರಳು ನಡಗತಾವ.
ಮೊದ್ಲ ಕುಡೀದಿದ್ರ ನಡಗತಿದ್ವು, ಈಗ ಗುಳಿಗಿಗೆ.
ಮಂದಿಗೆ ಎರಡೂ ಒಂದ: ಮತ್ತ ಹಾಕ್ಯಾನ ನೋಡು.
ಒಂದು ಕ್ವಾರ್ಟರ್ ಬಿದ್ರ ಈಗಿಂದೀಗ ನಿಲ್ಲತಾವ.
ಅದು ನಂಗೂ ಗೊತ್ತು, ಬೆರಳಿಗೂ ಗೊತ್ತು.

ಹತ್ತರೊಳಗ ಮಲಗಬೇಕು, ಅದೂ ಔಷಧ ಅಂತಾರ.
ಮೆರವಣಿಗಿ ಸುರು ಆಗೂದ ಹತ್ತಕ್ಕ.
ಜೀಪಿನ ಹಿಂದ, ಜನರೇಟರ್ ಬಾಜೂಕ, ಬಾಟಲಿ ಚೀಲ.
ಹಂಗಾಗಿ ನಾ ಈಗ ಮುಂಜಾನಿ ಅಕ್ಕಿಕಾಳಿಗಷ್ಟ ಊದತೇನಿ, ಅರ್ಧ ಪಗಾರ.
ಓಡೂ ಸ್ವರ ಎಲ್ಲಾ ಮಾಲತೇಶ ಅಂಬೂ ಹುಡುಗ ಹಿಡಕೊಂಡಾನ,
ಉದ್ದಾನ್ನು ಸ್ವರ ನಂದು.
ನಡುಕ ಚಂದ ಕೇಳತೈತಿ ಅಂದ ಒಬ್ಬಾಂವ.
ಇಲ್ಲಪಾ, ಅದು ಬರೇ ನಡುಕ.

ಗೌರಿ ಹುಣ್ಣಿವಿ ಮರುದಿನ ಕುಡದೆ.
ಫೈಲು ತಿರುಗಿ ಎರಡಾಗತೈತಿ ಅಂತ
ಹೆದರಿಕೋತ ಹೋಗಿ ಹೇಳಿದೆ.
ಡಾಕ್ಟರಮ್ಮ ಯಾಕ ಕುಡದ್ರಿ ಅನಲಿಲ್ಲ,
ಆ ವಾರ ಎಷ್ಟು ತಾಸು ನಿದ್ದಿ ಮಾಡಿದ್ರಿ ಅಂದ್ರು.
ಎಣಿಸಿದೆ. ಮೂರು ರಾತ್ರಿ ಕೂಡಿಸಿ ಏಳು.
"ನೋಡ್ರಿ, ಬಾಟಲಿಗಿಂತ ಮೊದ್ಲ ಬಂದಿತ್ತು," ಅಂದು
ತಾರೀಖು ಬರದು, ಅದ ದಾರಕ್ಕ ಪೋಣಿಸಿದ್ರು.

ಸಂಜಿಗೆ ಮನಿಗೆ ಬಂದ್ರ ರೇಣವ್ವ ಬಾಗಲದಾಗ ನಿಂದ್ರಸ್ತಾಳ.
ಮೊದ್ಲ ಬರೇ ಬಾಯಿ ಮೂಸತಿದ್ಲು.
ಈಗ ಗದ್ದಾ ಹಿಡದು ಬೆಳಕಿಗೆ ತಿರುಗಿಸಿ ಕಣ್ಣೂ ನೋಡತಾಳ:
ಮಿಂಚು ಭಾಳ ಐತೋ, ಆರೇತೋ.
ಮೂಗಿಗೊಂದು, ಕಣ್ಣಿಗೊಂದು ಪರೀಕ್ಷಾ.
ಎರಡೂ ಪಾಸಾದ್ರ ಚಾ.

ಇವತ್ತ ಕಪ್ಪು ಬಸಿಮ್ಯಾಲ ಕಟಕಟ ಅಂತು,
ಆಕಿ ಬಸಿ ಗಟ್ಟ್ಯಾಗಿ ಹಿಡದ್ಲು.