ಒಂದಕ್ಕೆ ನೂರು

ಕನ್ನಂಬಾಡಿ ಕಟ್ಟೆಯ ಕೆಳಗೆ, ತಗಡಿನ ಶೆಡ್ಡಿನಲ್ಲಿ
ಇಪ್ಪತ್ತೊಂಬತ್ತು ವರ್ಷದಿಂದ ಅಲೆ ಎಬ್ಬಿಸುವವನು ನಾನು.
ಕಡಲು ಕಂಡಿಲ್ಲ.
ಬೆಳಗೊಳದ ಹೈಕಳು ನನ್ನ ಸೈಕಲ್ಲು ಕಂಡರೆ ಕೂಗ್ತವೆ:
‘ಅಲೆ ಜವರಣ್ಣ, ಇವತ್ತೆಷ್ಟು ಹಡಗು ಮುಳುಗಿಸ್ದೆ?’

ಮರಳು, ಸಿಮೆಂಟು ಹಾಕಿ ತಿದ್ದಿದ್ದು ಕರಾವಳಿ.
ಮೋಟಾರಿಗೆ ಕಟ್ಟಿದ ಹಲಗೆ ಹಿಂದೆ ಮುಂದೆ ತೂಗಿದರೆ ಗಾಳಿ.
ಅಳತೆ, ಒಂದಕ್ಕೆ ನೂರು.
ಆಳಿನ ಮೇಲೆ ಆಳು ನಿಂತಷ್ಟು ಏಳುವ ಮಳೆಗಾಲದ ಅಲೆ
ನನ್ನಲ್ಲಿ ಕಡ್ಡಿಪೆಟ್ಟಿಗೆಯ ಅಗಲ;
ಸಂಕ್ರಾಂತಿ ಹೊತ್ತಿನದು ಅಕ್ಕಿಕಾಳಿನುದ್ದ.
ಅಲ್ಲಿ ಹತ್ತೆಣಿಸಿದ ಮೇಲೆ ಬರುವುದು
ಇಲ್ಲಿ ಒಂದು ಅನ್ನುವುದರೊಳಗೆ ಬಂದು ಮುರಿಯುತ್ತದೆ.
ನಾಲ್ಕು ತಿಂಗಳ ಮಳೆಗಾಲ ನನಗೆ ಹನ್ನೆರಡು ದಿನದ ಡ್ಯೂಟಿ.

ಹಲಗೆ ಒಂದೇ, ಮೋಟಾರು ಒಂದೇ,
ಅಲೆಯೂ ಒಂದೇ ಅಂದುಕೊಂಡಿದ್ದೆ ಮೊದಮೊದಲು.
ದಡ ಒಂದೇ ಅಲ್ಲವಲ್ಲ.
ಮೂಗು ಚಾಚಿದ ಬಂಡೆಗೆ ಎರಡೂ ಮಗ್ಗುಲಿಂದ ಬಾಗಿ ಬಂದು ಗುದ್ದುತ್ತದೆ;
ಅದೇ ಬಂಡೆಯ ಬೆನ್ನಿಗಿರುವ ಕೊಲ್ಲಿಯಲ್ಲಿ
ಮಜ್ಜಿಗೆಯ ಮೇಲೆ ತಿಳಿ ನಿಂತ ಹಾಗೆ, ಸುಮ್ಮನೆ.
ಮೆಲ್ಲಗೆ ಇಳಿಯುವ ಮರಳಲ್ಲಿ ದೂರದಿಂದಲೇ ಮುಗ್ಗರಿಸುತ್ತ ಬರುತ್ತದೆ,
ಕಡಿದಾದಲ್ಲಿ ಹೊಸಿಲವರೆಗೂ ಬಂದು ಒಮ್ಮೆಗೇ ಕಳಚಿ ಬೀಳುತ್ತದೆ.
ನೈರುತ್ಯಕ್ಕಿಟ್ಟ ಹಲಗೆಯನ್ನು ದೀಪಾವಳಿ ಕಳೆದ ಲೆಕ್ಕಕ್ಕೆ
ವಾಯವ್ಯಕ್ಕೆ ತಿರುಗಿಸಿದರೆ,
ಕೊಚ್ಚಿ ಹೋಗಿದ್ದ ಮರಳು ವಾಪಸ್ಸು ಬರುತ್ತದೆ
ಚೀಟಿ ಹಣ ಕಟ್ಟುವವರ ಹಾಗೆ, ಕಂತು ಕಂತಾಗಿ,
ಒಂದೆರಡು ಕಂತು ತಪ್ಪಿಸಿಯೇ.

ತೊಟ್ಟಿಯ ನೀರು ಕಾವೇರಿಯದು.
ಮೂಡಣ ಕಡಲಿಗೆ ಹೊರಟಿದ್ದವಳನ್ನು ಅಡ್ಡಹಾಕಿ
ಪಡುವಣ ಕಡಲಿನ ವೇಷ ಹಾಕಿಸಿದ್ದೇವೆ.
ಒಲ್ಲೆ ಅನ್ನುವುದಿಲ್ಲ.
ಆ ಕಡೆಯಿಂದ ಮೋಡವಾಗಿ ಬಂದೇ ತಾನೇ
ಕೊಡಗಿನಲ್ಲಿ ಇಳಿದದ್ದು.
ಜೂನಿನಲ್ಲಿ ಶೆಡ್ಡು ಸೋರುತ್ತದೆ,
ನಡು ಕಡಲಿಗೆ ತೊಟ್ ಎಂದು ಒಂದು ಹನಿ.
ಅದರ ಅಲೆಗೆ ದಿಕ್ಕಿಲ್ಲ. ಪಟ್ಟಿಯಲ್ಲಿ ಬರೆಯುವುದಿಲ್ಲ ಅದನ್ನು.

ಹೋದ ವರ್ಷ ಒಂದು ಅಳಿವೆಯ ಮಾದರಿ ಕಟ್ಟಿದೆವು.
ಮೇಡಂ ಆ ಊರಿನ ಮುದುಕನೊಬ್ಬನನ್ನು ಕರೆಸಿದರು, ಶೀನ ಖಾರ್ವಿ.
ಬಗ್ಗಿ ಬೆರಳದ್ದಿ ನಾಲಗೆಗಿಟ್ಟ:
‘ಹ್ವಾಯ್, ಉಪ್ಪೇ ಇಲ್ಲ ಮಾರಾಯ್ರೆ!’
ನಕ್ಕೆವು. ಪಟ್ಟಿ ನೋಡಿ ಆಸಾಡಿಯ ಅಲೆ ಬಿಟ್ಟೆ.
ಉಕ್ಕುಡ ಕೂತು ಬಹಳ ಹೊತ್ತು ನೋಡಿದ.
‘ಬೇರೆ ಬದಿ ಸರಿ. ಬಾಯಲ್ಲಿ ಹೀಂಗಲ್ಲ.
ಹೊಳೆ ಹೊರಗೆ ದೂಡ್ತದೆ, ಕಡಲು ಒಳಗೆ.
ಎರಡು ಬಿಡ್ತದೆ. ಮೂರನೇದು ಬಿಡುದಿಲ್ಲ.’

ಹಿಂದಿನಿಂದ ಹೊಳೆ ನೀರು ಬಿಟ್ಟೆವು.
ಕೈಯಲ್ಲೇ ಹಲಗೆ ಹಿಡಿದೆ: ಸಣ್ಣದು, ಸಣ್ಣದು, ದೊಡ್ಡದು.
ಅವನು ಬೀಡಿ ಪೆಟ್ಟಿಗೆಯಿಂದ ಒಂದು ಕಡ್ಡಿ ತೆಗೆದು
ಅಳಿವೆಯ ಒಳಗೆ ತೇಲಿಬಿಟ್ಟ.
ಒಂದನ್ನು ಹತ್ತಿತು.
ಎರಡನ್ನೂ.
‘ಹಾಂ,’ ಅಂದ. ‘ಹೀಂಗೇ.’

ದೋಣಿಯಲ್ಲಿ ಯಾರಿದ್ದರೆಂದು ಮೇಡಂ ಕೇಳಲಿಲ್ಲ. ನಾನೂ.
ಹಲಗೆ ಬಿಟ್ಟೆ. ಹಲಗೆ ನಿಂತರೂ
ನೀರು ನಿಲ್ಲುವುದಕ್ಕೆ ಹೊತ್ತು ಬೇಕು, ಗೊತ್ತಿದ್ದದ್ದೇ;
ಅವತ್ತು ಎಣಿಸಿದೆ, ನಾನೂರ ಹನ್ನೊಂದು.

ಬಸ್ಸು ಹತ್ತುವ ಮೊದಲು ಪೇಪರಿನಲ್ಲಿ ಸುತ್ತಿದ
ಒಣಮೀನು ಕೊಟ್ಟುಹೋದ.
ರಾತ್ರಿ ಮುದ್ದೆಯ ಜೊತೆಗೆ ಅದರ ಸಾರು.
ಉಪ್ಪು ಹಾಕಬೇಡ, ಅದರಲ್ಲೇ ಇರ್ತದೆ ಅಂತ
ಹೇಳೋದು ಮರೆತಿದ್ದೆ ಕೆಂಪಾಜಿಗೆ.
ಒಂದು ತುತ್ತು ನುಂಗಿ ಅವಳು ಮುಖ ಕಿವುಚಿ, ಚೊಂಬೆತ್ತಿ
ಗಟಗಟ ನೀರು ಕುಡಿದಳು.
ನಾನು ಪೂರ್ತಿ ಉಂಡೆ.