ಬಿಸಿಪೆಟ್ಟಿಗೆ

ಐದೂವರೆಗೆ ಅಕ್ಕಿ ತೊಳೆಯುತ್ತೇನೆ.
ಎರಡು ಕುಡ್ತೆ ಕುಚ್ಚಲಕ್ಕಿ, ಕೆಂಪು,
ನೀರು ಧಾರಾಳ.
ಕುದಿ ಬಂದ ಮೇಲೆ ಹತ್ತೇ ನಿಮಿಷ,
ಅಷ್ಟರಲ್ಲಿ ಮಗಳ ಜಡೆ, ನನ್ನ ಜಡೆ,
ಸೀರೆಯ ನೆರಿಗೆಗೊಂದು ಪಿನ್ನು.
ಆಮೇಲೆ ಕುದಿಯುವ ಪಾತ್ರೆಯನ್ನು ಹಾಗೇ ಎತ್ತಿ
ಪೆಟ್ಟಿಗೆಯೊಳಗೆ ಇಳಿಸಿ
ಮುಚ್ಚಳ ತಿರುಗಿಸಿ
ಒಲೆ ಆರಿಸುತ್ತೇನೆ.
ಇನ್ನು ಅಕ್ಕಿ ಉಂಟು, ಅದರ ಪಾಡು ಉಂಟು.
ನನಗೆ ಪೆರ್ಮುದೆಯಿಂದ ಕುಂಬಳೆಯ ಬಸ್ಸು ಉಂಟು.

ಕುಟುಂಬಶ್ರೀ ಚೀಟಿಯಲ್ಲಿ, ಹತ್ತು ಕಂತಿನಲ್ಲಿ
ಮನೆಗೆ ಬಂದದ್ದು ಇದು.
ಹೊರಗೆ ನೀಲಿ ಪ್ಲಾಸ್ಟಿಕ್ಕು, ಒಳಗೆ ಉಕ್ಕು,
ನಡುವೆ ಎಂತ ತುಂಬಿದ್ದಾರೋ, ಬಿಸಿ ಹೊರಗೆ ಬಿಡುವುದಿಲ್ಲ.
ಮೊದಲ ದಿನ ಅತ್ತೆ ಮೂರು ಸಲ
ಕಿವಿಯಿಟ್ಟು ಕೇಳಿದರು.
"ಸದ್ದೇ ಇಲ್ಲವಲ್ಲ ಮಾರಾಯ್ತಿ,
ಇದು ಬೇಯುವುದೋ, ನಿದ್ದೆ ಮಾಡುವುದೋ?"
ಅವರ ಕಾಲದಲ್ಲಿ ಒಂದು ಅನ್ನ ಬೇಯುವ ಹೊತ್ತಿಗೆ
ನೂರು ಬೀಡಿ ಕಟ್ಟಿ ಆಗುತ್ತಿತ್ತಂತೆ,
ಒಂದು ಕಣ್ಣು ಎಲೆಯ ಮೇಲೆ,
ಒಂದು ಕಣ್ಣು ಒಲೆಯ ಮೇಲೆ.

ವಿಲೇಜ್ ಆಫೀಸಿನಲ್ಲಿ ನನ್ನ ಮೇಜಿನೆದುರು
ಮಲಯಾಳ ಫಾರಂ ಹಿಡಿದವರ ಸಾಲು.
"ಇದರಲ್ಲಿ ಎಂತ ಕೇಳಿದ್ದಾರೆ ಮೇಡಂ?"
ಅಪ್ಪನ ಹೆಸರು, ಸರ್ವೆ ನಂಬರು, ವರ್ಷದ ಆದಾಯ.
ನನ್ನ ಬಾಯಲ್ಲಿ ಕನ್ನಡ, ಕೈಯಲ್ಲಿ ಮಲಯಾಳ,
ಬೈಯುವವರು ಮಾತ್ರ ತುಳುವಿನಲ್ಲಿ.
ಹನ್ನೊಂದಕ್ಕೆ ಸೀಲು ಒತ್ತುತ್ತಾ ಒತ್ತುತ್ತಾ
ಒಮ್ಮೆ ನೆನಪಾಗುತ್ತದೆ:
ಈಗ ಅರಳಿರಬೇಕು.

ವಾಮನ ಎರಡೂವರೆಗೇ ಎದ್ದು
ಟೆಂಪೊ ಹೊರಡಿಸುತ್ತಾನೆ ಮಂಗಳೂರಿನ ಧಕ್ಕೆಗೆ.
ಮಧ್ಯಾಹ್ನ ಬಂದು, ಉಂಡು, ಪಾತ್ರೆ ತೊಳೆದು
ಅದೇ ಪೆಟ್ಟಿಗೆಯೊಳಗೆ ನನಗೆ
ಬೂತಾಯಿ ಪುಳಿಮುಂಚಿ ಇಟ್ಟು
ಮೂರೂರು ಸುತ್ತಲು ಹೋಗುತ್ತಾನೆ.
ನಾನು ಬಂದು ಮುಚ್ಚಳ ತೆಗೆದು ಸಾರಿಗೆ ಒಗ್ಗರಣೆ ಹಾಕುವಾಗ
ಅವನು ಚಾಪೆಯ ಮೇಲೆ, ಗೋಡೆಗೆ ಮುಖ ಮಾಡಿ.
ಭಾನುವಾರ ರಜೆ ನನಗೆ ಮಾತ್ರ,
ಮೀನಿಗೆ ಅವತ್ತೇ ಗಿರಾಕಿ.

ಹಾಳಾದ ಫಾರಮ್ಮುಗಳ ಬೆನ್ನಿನಲ್ಲಿ
ನಾವು ಬರೆದು ಪೆಟ್ಟಿಗೆಯ ಮೇಲಿಡುತ್ತೇವೆ.
"ಗ್ಯಾಸ್ ಬುಕ್ ಮಾಡು."
"ಹುರುಳಿ ನೆನೆಹಾಕಿದ್ದೇನೆ."
"ಉಪ್ಪು ಜಾಸ್ತಿ."
"ನಿನಗೇ ಜಾಸ್ತಿ."
ಒಮ್ಮೆ ಬಸ್ಸಿನ ಹಾರನ್ನು ಕೇಳಿ, ಗಡಿಬಿಡಿಯಲ್ಲಿ
ಸರಿಯಾಗಿ ಕುದಿಯುವ ಮೊದಲೇ ಇಳಿಸಿದ್ದೆ.
ಆ ದಿನ ಅವನು ಏನೂ ಬರೆಯಲಿಲ್ಲ.
ಸಂಜೆ, ತಳದ ನಾಲ್ಕು ಅಗುಳು
ನನ್ನ ಹಲ್ಲಿಗೆ ಕಟಕ್ ಅಂದವು.

ಕಳೆದ ಮಂಗಳವಾರ ಹರತಾಳ.
ಬಸ್ಸಿಲ್ಲ, ಟೆಂಪೊ ಇಲ್ಲ, ಅಂಗಡಿಗಳಿಗೆ ಬಾಗಿಲು.
ಆದರೂ ಐದೂವರೆಗೆ ಅಕ್ಕಿ ತೊಳೆದೆ.
ಕೈಗೆ ಹರತಾಳ ಯಾರು ಹೇಳಬೇಕು?
ಏಳಕ್ಕೆಲ್ಲ ಅನ್ನ ಪೆಟ್ಟಿಗೆಯೊಳಗೆ,
ನಾವಿಬ್ಬರೂ ಅಂಗಳದ ಮೆಟ್ಟಿಲ ಮೇಲೆ,
ಮಾಡಲು ಏನೂ ಇಲ್ಲದೆ,
ಯಾರದೋ ಮದುವೆಗೆ ಬೇಗ ಬಂದವರ ಹಾಗೆ.

ಅಂಜಲಿನ ರೇಟು ಹೇಳಿದ. ನಾನು ಹೂಂ ಅಂದೆ.
ತಹಶೀಲ್ದಾರರ ಸುದ್ದಿ ಹೇಳಿದೆ. ಅವನು ಹೂಂ ಅಂದ.
ಅವನ ಕಿವಿಯ ಹಿಂದೆ ಬಿಳಿಕೂದಲು ಬಂದದ್ದು
ಯಾವಾಗ?
ಕೇಳಿದರೆ, "ಟೆಂಪೊದ ಕನ್ನಡಿಯಲ್ಲಿ
ಕಿವಿಯ ಹಿಂದೆ ಕಾಣುವುದಿಲ್ಲ" ಅಂದ.
ಒಂಬತ್ತಕ್ಕೆ ಅವನಿಗೇ ತಡೆಯಲಿಲ್ಲ:
"ತೆಗೆದು ನೋಡುವನಾ?"
"ಬೇಡ, ಬಿಸಿ ಹೋಗುತ್ತದೆ."
ಮತ್ತೆ ಕೂತೆವು.

ಹತ್ತೂವರೆಗೆ ಮುಚ್ಚಳ ತಿರುಗಿಸಿದೆ.
ಹಬೆ ಎದ್ದು ಅವನ ಕನ್ನಡಕ ಮುಚ್ಚಿತು.
ಕಾಣದ ಕಣ್ಣಲ್ಲೇ ಅವನು,
"ಅವತ್ತು ಬೆಂದಿರಲಿಲ್ಲ, ಗೊತ್ತುಂಟಾ?"
ಎರಡು ವರ್ಷದ ಹಿಂದಿನ ಮಾತು,
ಇಷ್ಟು ದಿನ ಎಲ್ಲಿಟ್ಟಿದ್ದನೋ, ಆರದ ಹಾಗೆ.

"ಗೊತ್ತುಂಟು" ಅಂದೆ.
ಒಳಗಿನಿಂದ ಅತ್ತೆಯ ದನಿ:
"ಎದ್ದಿತಾ ಅದು?"
ಬಟ್ಟಲು ತೊಳೆಯಲು ಅವನು ಹೋದ,
ಕನ್ನಡಕ ಒರೆಸದೆಯೇ.