ನೂರಾ ಹನ್ನೆರಡನೇ ಪುಟ

ಮೊದಲ ಹದಿನಾರು ಪುಟ ಇರಲಿಲ್ಲ, ಹಿಂಗಾಗಿ
ಹೆಸರೂ ಇಲ್ಲ, ಬರದವರೂ ಇಲ್ಲ.
ಕೊನೀವು ಎಷ್ಟು ಹರಿದಿದ್ವೋ ಲೆಕ್ಕಿಲ್ಲ.
ಸೊಲ್ಲಾಪುರದ ರದ್ದಿ ಅಂಗಡ್ಯಾಗ
ಬೀಡಿ ಕಟ್ಟಿಗೆ ಸುತ್ತಾಕಂತ
ಅವ್ವ ಕಿಲೋದ ಮ್ಯಾಲ ತಂದ ಹಾಳಿಯೊಳಗ
ಒಂದು ದಪ್ಪ ಕನ್ನಡ ಕಾದಂಬರಿ, ಬೆನ್ನು ಮುರಿದದ್ದು.

ಬೋರ್ಡೆಲ್ಲಾ ಮರಾಠಿ, ಓಣಿಯ ಜಗಳ ತೆಲುಗು.
ಕನ್ನಡ ಅಂದ್ರ ನಮಗ
ಅಡಗಿ ಮನಿ, ಜ್ವರ, ಬೈಗಳ.
ಅದು ಮುನ್ನೂರು ಪುಟ
ಉಸಿರು ತಿರುಗಿಸದ ಮಾತಾಡತದ ಅಂತ
ಹದಿನೈದರ ನನಗ ಯಾರು ಹೇಳಿದ್ರು?

ಸಾವಿರ ಬೀಡಿ ಆಗೋತನಕ ಕಾಲು ಚಾಚಾಂಗಿಲ್ಲ.
ನನ್ನ ಪಾಲಿನ ಇನ್ನೂರು ತಾವ ಹಂಚಿಕೊಂಡು
"ನೀ ಓದ" ಅಂದ್ರು.
ಓದಿದೆ. ಕತ್ತರಿ ಸಪ್ಪಳ, ತಂಬಾಕಿನ ಘಾಟು,
ದೊಡ್ಡ ವಾಡೇದ ಸೊಸಿ, ಬಾಯಿಲ್ಲದ ಗಂಡ,
ನಡುರಾತ್ರಿ ಬಾವಿ ಕಡೆ ಹೊಂಟ ಹೆಜ್ಜಿ.
ಲಚ್ಚವ್ವಗ ಕನ್ನಡ ಅರ್ಧ.
ಎಲ್ಲಾರೂ ಅತ್ತು ಮೂಗು ಒರಸಿಕೊಂಡ ಮ್ಯಾಲ
ಆಕಿ ಸುರು ಮಾಡತಿದ್ಲು.

ನೂರಾ ಹನ್ನೆರಡನೇ ಪುಟದಾಗ ಒಂದು ಸಾಲು:
'ಆಳು ಹೆಂಗಸು ನೀರು ತಂದಿಟ್ಟು ಹೋದಳು.'
ನಾ ಮುಂದ ಹೊಂಟಿದ್ದೆ. ಸಿದ್ರಾಮವ್ವ ಎಲಿ ಕೆಳಗಿಟ್ಲು.
"ಎಲ್ಲಿಗೆ?"
"ಏನು ಎಲ್ಲಿಗೆ?"
"ಹೋದಳು ಅಂದ್ಯಲ್ಲ. ಎಲ್ಲಿಗೆ ಹೋದ್ಲು? ಉಂಡಿದ್ಲೋ ಇಲ್ಲೋ?"
ಹಿಂದ ಹುಡುಕಿದೆ, ಮುಂದ ಹುಡುಕಿದೆ.
ಇರಲಿಲ್ಲ.

ಆ ರಾತ್ರಿ ಬೀಡಿ ಕಾರ್ಡಿನ ಹಿಂದಿನ ಖಾಲಿ ಹಾಳ್ಯಾಗ
ಆಕಿನ್ನ ಮನಿಗೆ ಕಳಿಸಿದೆ.
ಮೊಣಕಾಲಿಗೆ ಎಣ್ಣಿ ಹಚ್ಚಿಸಿದೆ.
ತುಳಜವ್ವ ಅಂತ ಹೆಸರಿಟ್ಟೆ.
ಮರುದಿನ ಓದಿದ್ರ ಒಬ್ಬರೂ ಒಪ್ಪಲಿಲ್ಲ.
ಎಣ್ಣಿ ಎಲ್ಲಿಂದ ಬಂತು? ಗಂಡ ಯಾಕ ಸುಮ್ಮನಿದ್ದ?
ಸೊಸಿ ಬಾವಿ ಕಡೆ ಹೋಗೂದು ಆಕಿ ಕಂಡಿರಲೇಬೇಕು!
ಹೊಡದು ಹಾಕಿದೆ. ಮತ್ತ ಬರದೆ. ಮತ್ತ.
ಲಚ್ಚವ್ವ ತೆಲುಗಿನಾಗ ಒಂದು ಹೇಳಿದ್ಲು,
ಅದರಾಗ ಬಾವೀನ ಬತ್ತಿತ್ತು.

ಮೂರು ವರ್ಷದ ಮ್ಯಾಲ
ವಾಚನಾಲಯದ ಕಪಾಟಿನಾಗ ಕೈ ಆಡಿಸುವಾಗ
ಅದೇ ವಾಡೇ, ಅದೇ ಬಾವಿ,
ಇಡೀ ಪುಸ್ತಕ, ರಟ್ಟಿನ ಸಮೇತ.
ತಂದು ಖರೇ ಕೊನಿ ಓದಿ ಹೇಳಿದೆ:
ಸೊಸಿ ಸಾಯತಾಳ. ಗಂಡ ದೀಪ ಹಚ್ಚತಾನ.
ಯಾರೂ ಅಳಲಿಲ್ಲ, ಲಚ್ಚವ್ವನೂ.
ಕಾರಖಾನ್ಯಾಗ ಸಡ್ಲ ಬೀಡಿ ಹಿಚಕಿ ಒಗೀತಾರಲ್ಲ,
ಹಂಗ ಎರಡು ಬೆರಳು ಒತ್ತಿ
ಸಿದ್ರಾಮವ್ವ ಅಂದ್ಲು: "ಛಾಟ."

ಎಲ್ಲಾರ ಜೋಡಿ ನಾನೂ ನಕ್ಕೆ.
ಆ ದೀಪದ ಸಾಲು ಮಾತ್ರ, ಅವರಿಗೆ ಹೇಳಲಿಲ್ಲ,
ಸಿಟಿ ಬಸ್ಸಿನಾಗ ನಿಂತು ಮೂರು ಸಲ ಓದಿದ್ದೆ.
ಎಣ್ಣಿ ಎಷ್ಟಿತ್ತು ಅನ್ನೂದು ಸೈತ ಬರದಿದ್ದ ಪುಣ್ಯಾತ್ಮ.
ನನ್ನ ಸ್ಟಾಪು ಹೋದದ್ದು ತಿಳೀಲಿಲ್ಲ.

ನೀರು ತಂದಿಟ್ಟಾಕಿ?
ಆ ಇಡೀ ಪುಸ್ತಕದಾಗೂ
ಹೋದಾಕಿ ತಿರುಗಿ ಬಂದಿರಲಿಲ್ಲ.
ಹೆಂಗ ಬಂದಾಳು?
ನಮ್ಮ ಕಡೆ ಇದ್ಲು.